ಏಳನೆಯ ಮುಳುಗು



ಅರಸುಗಳು ಎರಡನೆಯ ಗ್ರಂಥದ ಐದನೆಯ ಅಧ್ಯಾಯದಲ್ಲಿ ಬರುವ ನಾಮಾನನ ಕಥೆಯನ್ನು ನಾವೆಲ್ಲರೂ ಬಲ್ಲೆವು. ಆತ ಸಿರಿಯಾ ದೇಶದ ಸೇನಾಧಿಪತಿ. ಅಧಿಕಾರವಿತ್ತು, ಹಣವಿತ್ತು, ಅರಸನ ಮನ್ನಣೆಯಿತ್ತು. ಮೈಮೇಲೆ ಕುಷ್ಠವೂ ಇತ್ತು. ಅವನ ಮನೆಯಲ್ಲಿ ಊಳಿಗಕ್ಕಿದ್ದ ಇಸ್ರಯೇಲಿನ ಪುಟ್ಟ ಹುಡುಗಿಯೊಬ್ಬಳ ಮಾತನ್ನು ನಂಬಿ ಪ್ರವಾದಿ ಎಲೀಷನ ಬಾಗಿಲಿಗೆ ಬಂದ. ಪ್ರವಾದಿ ಹೊರಗೂ ಬರಲಿಲ್ಲ. ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗು ಹಾಕುವಂತೆ ಹೇಳಿಕಳುಹಿಸಿದ, ಅಷ್ಟೇ. ನಾಮಾನನಿಗೆ ಸಿಟ್ಟು ಬಂತು. ತನ್ನ ದೇಶದಲ್ಲಿ ಇದಕ್ಕಿಂತ ಒಳ್ಳೆಯ ನದಿಗಳಿಲ್ಲವೇ ಎಂದು ಕುದುರೆ ತಿರುಗಿಸಿದ. ಅವನ ಸೇವಕರು ಸಮಾಧಾನದ ಮಾತು ಹೇಳಿ ಅವನನ್ನು ನದಿಗೆ ಇಳಿಸಿದರು. ಏಳನೆಯ ಸಲ ಮುಳುಗಿ ಎದ್ದಾಗ ಅವನ ಮೈ ಎಳೆಯ ಮಗುವಿನ ಮೈಯಂತಾಗಿತ್ತು.

ಈ ಭಾಗವನ್ನು ಓದುವಾಗಲೆಲ್ಲ ನನ್ನ ಮನಸ್ಸು ಆರನೆಯ ಮುಳುಗಿನ ಬಳಿ ನಿಂತುಬಿಡುತ್ತದೆ. ಆರನೆಯ ಸಲ ಮುಳುಗಿ ಎದ್ದವನು ಅಲ್ಲಿಂದಲೇ ದಡ ಹತ್ತಿ ಮನೆಗೆ ಹೋಗಿದ್ದರೆ? ನಂಬಿಕೆಯೆಂದರೆ ನದಿಗೆ ಇಳಿಯುವ ಧೈರ್ಯ ಎಂದು ನಾವು ತಿಳಿದಿದ್ದೇವೆ. ಹೇಳಿದಷ್ಟು ಸಲ ಮುಳುಗುವ ತಾಳ್ಮೆಯೂ ನಂಬಿಕೆಯೇ ಎಂಬುದನ್ನು ನಾನು ತಡವಾಗಿ ಕಲಿತೆ. ಹೇಗೆ ಕಲಿತೆನೆಂಬುದನ್ನು ಈ ವಾರ ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಅವಸರದ ಕೃತಜ್ಞತಾ ಪೂಜೆ

ಸುಮಾರು ಹದಿನೈದು ವರ್ಷಗಳ ಹಿಂದೆ ನಾನು ಬೇರೊಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಅಲ್ಲಿ ಆರು ವರ್ಷದ ಒಬ್ಬ ಹುಡುಗನಿಗೆ ಜ್ವರ ಬಂದು ಬಿಡದೆ ಕಾಡಿತು. ಮುಖ ಬಿಳಿಚಿಕೊಂಡಿತು. ಕಾಲುನೋವೆಂದು ರಾತ್ರಿಯೆಲ್ಲ ಅಳುತ್ತಿದ್ದ. ಪೆಟ್ಟು ಬೀಳದಿದ್ದರೂ ಮೈಮೇಲೆ ನೀಲಿ ಕಲೆಗಳು ಏಳುತ್ತಿದ್ದವು. ನಗರದ ಆಸ್ಪತ್ರೆಯಲ್ಲಿ ರಕ್ತವನ್ನೂ ಮೂಳೆಯ ಮಜ್ಜೆಯನ್ನೂ ಪರೀಕ್ಷಿಸಿ ರಕ್ತದ ಕ್ಯಾನ್ಸರ್ ಎಂದರು. ಒಂದು ತಿಂಗಳು ಅಲ್ಲೇ ಚಿಕಿತ್ಸೆಯಾಯಿತು. ಹುಡುಗ ನಗುನಗುತ್ತಾ ಊರಿಗೆ ಬಂದ. ರೋಗ ಈಗ ಕಾಣುತ್ತಿಲ್ಲ, ಆದರೆ ಇನ್ನೂ ಎರಡು ವರ್ಷಕ್ಕೂ ಮಿಕ್ಕಿ ಚಿಕಿತ್ಸೆ ಬಾಕಿಯಿದೆ ಎಂದು ವೈದ್ಯರು ಹೇಳಿ ಕಳುಹಿಸಿದ್ದರು. ಮನೆಯವರ ಕಿವಿಗೆ ಬಿದ್ದದ್ದು ಆ ಮಾತಿನ ಮೊದಲರ್ಧ ಮಾತ್ರ. ನನ್ನ ಕಿವಿಗೂ ಅಷ್ಟೇ.

ತಂದೆ ನನ್ನ ಬಳಿ ಬಂದು, "ಜರ ಬುಡ್ತು ಸ್ವಾಮಿ. ಮಗ ಉಂಡ್ಕಂಡು ಆಡ್ಕಂಡು ಚೆಂದಾಗವ್ನ. ಇನ್ಯಾಕ ಸೂಜಿ?" ಎಂದರು. ನಾನು ಆ ಪ್ರಶ್ನೆಗೆ ಉತ್ತರಿಸುವ ಬದಲು ಮುಂದಿನ ಭಾನುವಾರ ಕೃತಜ್ಞತಾ ಪೂಜೆ ಇಡೋಣ ಎಂದೆ. ಪೀಠದ ಮುಂದೆ ನಿಂತು, ದೇವರು ಈ ಮಗುವನ್ನು ಸಂಪೂರ್ಣವಾಗಿ ಗುಣಪಡಿಸಿದ್ದಾರೆ ಎಂದು ಸಾರಿದೆ. ಗುರುಗಳೇ ಹೀಗೆ ಹೇಳಿದ ಮೇಲೆ ಯಾರು ತಾನೇ ಮತ್ತೆ ಬಸ್ಸು ಹತ್ತಿ ಆಸ್ಪತ್ರೆಗೆ ಹೋದಾರು? ಕೆಲವು ತಿಂಗಳ ನಂತರ ಜ್ವರ ಮರಳಿತು. ಈ ಸಲ ರೋಗ ಔಷಧಕ್ಕೆ ಜಗ್ಗಲಿಲ್ಲ. ಆ ಹುಡುಗನ ಅಂತ್ಯಕ್ರಿಯೆಯ ಬಲಿಪೂಜೆಯನ್ನೂ ನಾನೇ ಅರ್ಪಿಸಿದೆ. ಅವನ ತಂದೆ ತಾಯಿ ನನ್ನನ್ನು ಇವತ್ತಿನವರೆಗೆ ಒಂದು ಮಾತು ಅಂದಿಲ್ಲ. ಅಂದಿದ್ದರೆ ಭಾರ ಸ್ವಲ್ಪ ಇಳಿಯುತ್ತಿತ್ತೇನೋ.

ಜೇಕಿನ ಗಡ್ಡೆ

ಆಮೇಲೆ ನಾನು ಈ ರೋಗದ ಬಗ್ಗೆ ವೈದ್ಯರನ್ನು ಕೇಳಿ ತಿಳಿದುಕೊಂಡೆ. ಇದರ ಪೂರ್ಣ ಹೆಸರು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ. ಎರಡರಿಂದ ಐದು ವರ್ಷದ ಒಳಗಿನ ಮಕ್ಕಳಲ್ಲಿ ಹೆಚ್ಚು, ದೊಡ್ಡವರಿಗೂ ಬರಬಹುದು. ನಮ್ಮ ಮೂಳೆಯೊಳಗಿನ ಮಜ್ಜೆಯೇ ರಕ್ತ ತಯಾರಾಗುವ ಒಲೆ. ಕೆಂಪು ಕಣ, ಬಿಳಿ ಕಣ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಲ್ಲವೂ ಅಲ್ಲೇ ಹುಟ್ಟುತ್ತವೆ. ಈ ರೋಗದಲ್ಲಿ ಬಲಿಯದ ಬಿಳಿ ಕಣಗಳು ಲಂಗುಲಗಾಮಿಲ್ಲದೆ ಹೆಚ್ಚಿ ಉಳಿದವುಗಳಿಗೆ ಜಾಗವಿಲ್ಲದಂತೆ ಮಾಡುತ್ತವೆ. ಕೆಂಪು ಕಣ ಇಳಿದದ್ದರಿಂದ ಮುಖ ಬಿಳಿಚುತ್ತದೆ, ಪ್ಲೇಟ್‌ಲೆಟ್ ಇಳಿದದ್ದರಿಂದ ನೀಲಿ ಕಲೆ ಏಳುತ್ತದೆ, ಒಳ್ಳೆಯ ಬಿಳಿ ಕಣ ಇಲ್ಲದ್ದರಿಂದ ಜ್ವರ ಬಿಡುವುದಿಲ್ಲ. ಇದು ಅಂಟುರೋಗವಲ್ಲ. ತಾಯಿ ಏನನ್ನೋ ತಿಂದದ್ದಕ್ಕೆ ಬಂದದ್ದೂ ಅಲ್ಲ. ಯಾರ ಪಾಪದ ಫಲವೂ ಅಲ್ಲ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇಂಥದೇ ಪ್ರಶ್ನೆ ಕೇಳಿದಾಗ ನಮ್ಮ ಪ್ರಭು ಕೊಟ್ಟ ಉತ್ತರವನ್ನು ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಓದಿಕೊಳ್ಳಿ.

ಈಗ ಮುಖ್ಯವಾದ ಲೆಕ್ಕಕ್ಕೆ ಬರೋಣ. ರೋಗ ಪತ್ತೆಯಾದ ದಿನ ಒಂದು ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿಯಷ್ಟು ಕ್ಯಾನ್ಸರ್ ಕಣಗಳಿರಬಹುದು. ಮೊದಲ ತಿಂಗಳ ಔಷಧ ಅವುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತನ್ನು ಕೊಂದಿತೆನ್ನಿ. ಆಗ ಸೂಕ್ಷ್ಮದರ್ಶಕದಲ್ಲಿ ಮಜ್ಜೆ ಶುಭ್ರವಾಗಿ ಕಾಣುತ್ತದೆ. ವೈದ್ಯರು ಇದನ್ನೇ ರೆಮಿಷನ್ ಎನ್ನುತ್ತಾರೆ. ಒಳ್ಳೆಯ ಚಿಕಿತ್ಸೆ ಸಿಕ್ಕ ಮಕ್ಕಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಈ ಹಂತ ತಲುಪುತ್ತಾರೆ. ಆದರೆ ಆಗಲೂ ಮೈಯೊಳಗೆ ಸಾವಿರ ಕೋಟಿಯಷ್ಟು ಕಣಗಳು ಅಡಗಿರಬಹುದು. ಮಗು ಆಡುತ್ತಿರುತ್ತದೆ, ಉಣ್ಣುತ್ತಿರುತ್ತದೆ; ಒಳಗೆ ಅವು ಕಾಯುತ್ತಿರುತ್ತವೆ.

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಅರಿಶಿನ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೇಕು ಕಿತ್ತ ದಿನ ಹೊಲ ಅಚ್ಚುಕಟ್ಟಾಗಿ ಕಾಣುತ್ತದೆ. ಗಡ್ಡೆ ಮಣ್ಣಿನೊಳಗೇ ಉಳಿದಿರುತ್ತದೆ. ಒಂದು ಮಳೆ ಬೀಳಲಿ, ಹೊಲವೆಲ್ಲ ಮತ್ತೆ ಜೇಕು. ಒಂದೇ ಸಲ ಕಳೆ ಕಿತ್ತು ಬೆಳೆ ಕೈಗೆ ಬಂತೆಂದು ಯಾವ ರೈತನೂ ಹಬ್ಬ ಮಾಡುವುದಿಲ್ಲ. ನಾನು ಮಾಡಿದ್ದು ಅದನ್ನೇ. ನಾಮಾನನಿಗಿಂತ ನಮಗಿರುವ ಪರೀಕ್ಷೆ ಕಠಿಣವಾದದ್ದು, ಏಕೆಂದರೆ ಈ ರೋಗದಲ್ಲಿ ಮೊದಲ ಮುಳುಗಿಗೇ ಮೈ ಹೊಳೆಯುತ್ತದೆ.

ಉಳಿದ ಮುಳುಗುಗಳು

ಹಾಗಾದರೆ ಉಳಿದ ಎರಡು ಎರಡೂವರೆ ವರ್ಷ ಏನು ಮಾಡುತ್ತಾರೆ? ಮೊದಲ ತಿಂಗಳ ನಂತರ ಕೆಲವು ತಿಂಗಳು ಔಷಧಗಳನ್ನು ಬದಲಿಸಿ ಬದಲಿಸಿ ಬಲವಾಗಿ ಕೊಡುತ್ತಾರೆ. ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ರಕ್ತದ ಮೂಲಕ ಔಷಧ ಸರಿಯಾಗಿ ಇಳಿಯುವುದಿಲ್ಲ. ರೋಗದ ಕಣಗಳು ಅಲ್ಲಿ ಅವಿತುಕೊಳ್ಳುತ್ತವೆ. ಅದಕ್ಕಾಗಿ ಬೆನ್ನಿನಲ್ಲಿ ಸೂಜಿ ಚುಚ್ಚಿ ಔಷಧ ಬಿಡುತ್ತಾರೆ. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದೆಂಬ ಹೆದರಿಕೆಯಿಂದ ಚಿಕಿತ್ಸೆ ಬಿಟ್ಟುಬಂದವರಿದ್ದಾರೆ. ಆ ಹೆದರಿಕೆಯನ್ನು ವೈದ್ಯರ ಮುಂದೆಯೇ ಹೇಳಿ ಉತ್ತರ ಪಡೆಯಿರಿ. ಊರ ಕಟ್ಟೆಯಲ್ಲಿ ಅದಕ್ಕೆ ಉತ್ತರ ಸಿಗದು.

ಅನಂತರದ್ದು ಅತಿ ಉದ್ದದ ಹಂತ. ಮಗು ಮನೆಯಲ್ಲೇ ಇರುತ್ತದೆ, ಶಾಲೆಗೂ ಹೋಗಬಹುದು. ದಿನಕ್ಕೊಮ್ಮೆ ಮರ್ಕಾಪ್ಟೊಪ್ಯೂರಿನ್ ಮಾತ್ರೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಇದು ನೋಡಲು ಬಲು ಸುಲಭ. ಆದ್ದರಿಂದಲೇ ಬಹಳ ಅಪಾಯದ ಕಾಲ. ಮದುವೆಗೆ ಹೋದಾಗ ಒಂದು ದಿನ, ಹಬ್ಬದಲ್ಲಿ ಎರಡು ದಿನ ಮಾತ್ರೆ ತಪ್ಪುತ್ತದೆ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ನೂರು ದಿನದ ಮಾತ್ರೆಯಲ್ಲಿ ಐದಕ್ಕಿಂತ ಹೆಚ್ಚು ತಪ್ಪಿಸಿದ ಮಕ್ಕಳಲ್ಲಿ ರೋಗ ಮರಳುವುದು ಸ್ಪಷ್ಟವಾಗಿ ಹೆಚ್ಚು. ಪ್ರತಿದಿನದ ಜಪಮಾಲೆಯಷ್ಟೇ ನಿಷ್ಠೆಯಿಂದ ಪ್ರತಿದಿನದ ಮಾತ್ರೆ ಸಲ್ಲಬೇಕು.

ಔಷಧಗಳನ್ನು ಉಂಟುಮಾಡಿದವರು

ವೈದ್ಯನನ್ನು ಗೌರವಿಸಬೇಕೆಂದೂ ಔಷಧಗಳನ್ನು ದೇವರೇ ಭೂಮಿಯಿಂದ ಹುಟ್ಟಿಸಿದ್ದಾರೆಂದೂ ಜಾಣನು ಅವನ್ನು ತಿರಸ್ಕರಿಸುವುದಿಲ್ಲವೆಂದೂ ಸಿರಾಖನ ಗ್ರಂಥದ ಮೂವತ್ತೆಂಟನೆಯ ಅಧ್ಯಾಯ ಬೋಧಿಸುತ್ತದೆ. ಈ ರೋಗದ ಔಷಧಗಳ ವಿಷಯದಲ್ಲಿ ಇದು ಅಕ್ಷರಶಃ ನಿಜ. ನಮ್ಮ ಅಂಗಳಗಳಲ್ಲೂ ಸಮಾಧಿಗಳ ಬದಿಯಲ್ಲೂ ಯಾರೂ ನೀರೆರೆಯದೆ ಅರಳುವ ನಿತ್ಯಪುಷ್ಪದ ಗಿಡವನ್ನು ನೋಡಿದ್ದೀರಿ. ವಿಂಕ್ರಿಸ್ಟೀನ್ ಎಂಬ ಮುಖ್ಯ ಔಷಧವನ್ನು ಪಡೆದದ್ದು ಆ ಗಿಡದಿಂದಲೇ. 1963ರಿಂದ ಅದು ಬಳಕೆಯಲ್ಲಿದೆ. ಹಾಗೆಂದು ಯಾರೂ ಎಲೆ ಅರೆದು ಕುಡಿಯಬೇಡಿ, ಅದು ವಿಷ. ಮೆಥೊಟ್ರೆಕ್ಸೇಟ್ ಮಾತ್ರೆಯ ಹಿಂದೆ ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ಶ್ರಮವಿದೆ. ಅವರ ತಂಡ ತಯಾರಿಸಿದ ಅದೇ ಜಾತಿಯ ಔಷಧವನ್ನು ಕೊಟ್ಟು ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ 1948ರಲ್ಲಿ, ಈ ರೋಗವನ್ನು ಮೊತ್ತಮೊದಲು ತಾತ್ಕಾಲಿಕವಾಗಿ ಹಿಮ್ಮೆಟ್ಟಿಸಿದ್ದನ್ನು ಪ್ರಕಟಿಸಿದರು. ಆ ಮಕ್ಕಳಲ್ಲಿ ರೋಗ ಮತ್ತೆ ಬಂತು. ಒಂದು ಔಷಧ ಸಾಲದು, ಸ್ವಲ್ಪ ಕಾಲ ಸಾಲದು ಎಂಬ ಪಾಠ ಆಗಲೇ ಆರಂಭವಾಯಿತು.

ಹರಕೆ ಹೊರುವ ನಮ್ಮ ಜನ ತಿಳಿಯಬೇಕಾದ ಇನ್ನೊಂದು ಕಥೆಯಿದೆ. ಡ್ಯಾನಿ ಥಾಮಸ್ ಎಂಬ ಲೆಬನಾನ್ ಮೂಲದ ಕಥೋಲಿಕ ನಟ, ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ, ನಿರಾಶರ ಪಾಲಕರಾದ ಸಂತ ಯೂದ ತದ್ದೇಯರಿಗೆ ಹರಕೆ ಹೊತ್ತ. ದಾರಿ ತೋರಿಸಿದರೆ ನಿಮಗೊಂದು ಪುಣ್ಯಸ್ಥಳ ಕಟ್ಟುತ್ತೇನೆ ಎಂಬುದು ಆ ಹರಕೆ. ಅದು 1962ರಲ್ಲಿ ಮೆಂಫಿಸ್ ನಗರದಲ್ಲಿ ಸಂತ ಯೂದರ ಹೆಸರಿನ ಮಕ್ಕಳ ಆಸ್ಪತ್ರೆಯಾಗಿ ತೀರಿತು. ಆಗ ಈ ರೋಗ ಬಂದ ನೂರು ಮಕ್ಕಳಲ್ಲಿ ಬದುಕುತ್ತಿದ್ದವರು ನಾಲ್ವರು. ಅಲ್ಲಿನ ವೈದ್ಯ ಡೊನಾಲ್ಡ್ ಪಿಂಕೆಲ್ ಹಲವು ಔಷಧಗಳನ್ನು ಕೂಡಿಸಿ, ಮಿದುಳಿನ ಭಾಗಕ್ಕೂ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬಿಡದೆ ಮುಂದುವರಿಸಿದರು. ಆ ದಶಕದ ಕೊನೆಗೆ ಅರ್ಧದಷ್ಟು ಮಕ್ಕಳು ಉಳಿಯತೊಡಗಿದರು. ಇಂದು ಅಂಥ ಕೇಂದ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು.

ನಮ್ಮ ದೇಶದಲ್ಲೂ 1980ರ ದಶಕದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಚೆನ್ನೈನ ಅಡಯಾರ್ ಕ್ಯಾನ್ಸರ್ ಸಂಸ್ಥೆಗಳು ನಮ್ಮ ಪರಿಸ್ಥಿತಿಗೆ ಹೊಂದುವಂಥ, ಎಂ.ಸಿ.ಪಿ. 841 ಎಂಬ ಚಿಕಿತ್ಸಾ ಕ್ರಮವನ್ನು ಹಿಡಿದವು. ಅದಕ್ಕೆ ಮುಂಚೆ ಐವರಲ್ಲಿ ಒಬ್ಬ ಮಗು ಉಳಿಯುತ್ತಿದ್ದರೆ, ಆಮೇಲೆ ಸರಿಸುಮಾರು ಅರ್ಧದಷ್ಟು ಮಕ್ಕಳು ಉಳಿದರು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲೂ ಭಾರತದ ಧರ್ಮಾಧ್ಯಕ್ಷರ ಮಂಡಳಿಯ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲೂ ಈ ರೋಗಕ್ಕೆ ಚಿಕಿತ್ಸೆಯಿದೆ. ಔಷಧ ನಮ್ಮಲ್ಲಿ ಇದೆ ಎಂದಾಯಿತು. ಆದರೂ ಬಡ ದೇಶಗಳಲ್ಲಿ ಮಕ್ಕಳನ್ನು ಕಳೆದುಕೊಳ್ಳಲು ಒಂದು ದೊಡ್ಡ ಕಾರಣ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು.

ಜೋರ್ಡನ್ ಸಾಲದೆ ಹೋದಾಗ

ಕೆಲವರಿಗೆ ಸಾಮಾನ್ಯ ಔಷಧಗಳಷ್ಟೇ ಸಾಲುವುದಿಲ್ಲ. ಅಂಥವರಿಗಾಗಿ ಈಗ ಗುರಿ ಹಿಡಿದು ಹೊಡೆಯುವ ಔಷಧಗಳು ಬಂದಿವೆ. ಕೆಲವು ರೋಗಿಗಳ ಕ್ಯಾನ್ಸರ್ ಕಣಗಳಲ್ಲಿ ಎರಡು ವರ್ಣತಂತುಗಳು ತುಂಡಾಗಿ ಅದಲುಬದಲಾಗಿರುತ್ತವೆ. 1960ರಲ್ಲಿ ಪತ್ತೆಯಾದ ಇದಕ್ಕೆ ಫಿಲಡೆಲ್ಫಿಯಾ ವರ್ಣತಂತು ಎಂದು ಹೆಸರು. ಮಕ್ಕಳಲ್ಲಿ ಇದು ಅಪರೂಪ, ದೊಡ್ಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇರುತ್ತದೆ. ಅಂಥವರಿಗೆ ಇಮಾಟಿನಿಬ್ ಜಾತಿಯ ಮಾತ್ರೆಯನ್ನು ಉಳಿದ ಔಷಧಗಳ ಜೊತೆಗೆ ಕೊಡುತ್ತಾರೆ. ನಮ್ಮ ಸುಪ್ರೀಂ ಕೋರ್ಟು 2013ರಲ್ಲಿ ಈ ಔಷಧದ ಪೇಟೆಂಟ್ ಮನವಿಯನ್ನು ತಳ್ಳಿಹಾಕಿದ್ದರಿಂದ ಕಡಿಮೆ ಬೆಲೆಯ ಮಾತ್ರೆ ಬಡವರಿಗೂ ಸಿಗುವಂತಾಗಿದೆ. 2014ರಿಂದ ಬ್ಲಿನಾಟುಮೊಮ್ಯಾಬ್ ಎಂಬ ಔಷಧ ಬಳಕೆಗೆ ಬಂದಿದೆ. ಅದು ನಮ್ಮದೇ ರಕ್ಷಕ ಕಣದ ಕೈಯನ್ನು ಕ್ಯಾನ್ಸರ್ ಕಣದ ಕೊರಳಿಗೆ ತಂದು ಮುಟ್ಟಿಸುತ್ತದೆ. ರೋಗಿಯ ರಕ್ಷಕ ಕಣಗಳನ್ನೇ ಹೊರತೆಗೆದು, ಕಲಿಸಿ, ಮರಳಿ ಸೇರಿಸುವ ಕಾರ್-ಟಿ ಚಿಕಿತ್ಸೆಗೆ ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಆಸ್ಪತ್ರೆ ಸೇರಿ ದೇಶೀಯ ರೂಪ ಕೊಟ್ಟಿವೆ. ಅದಕ್ಕೆ 2023ರಲ್ಲಿ ಅನುಮತಿ ದೊರೆಯಿತು. ಇವೆಲ್ಲ ಎಲ್ಲರಿಗೂ ಬೇಕಾದವುಗಳಲ್ಲ, ದುಬಾರಿಯೂ ಹೌದು. ಯಾರಿಗೆ ಬೇಕೆಂಬುದನ್ನು ವೈದ್ಯರೇ ಹೇಳಬೇಕು.

ರೋಗ ಮರಳಿದರೆ ಅಥವಾ ಆರಂಭದಿಂದಲೂ ಮೊಂಡಾಗಿದ್ದರೆ ಕಾಂಡಕೋಶಗಳ ಕಸಿ ಮಾಡುತ್ತಾರೆ. ಇದನ್ನು ಬೆಳೆಸಿದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮಲ್ಲಿ 1983ರಲ್ಲಿ ಟಾಟಾ ಆಸ್ಪತ್ರೆಯಲ್ಲೂ 1986ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲೂ ಆರಂಭವಾಯಿತು. ಬಲವಾದ ಔಷಧದಿಂದ ರೋಗಿಯ ಹಳೆಯ ಮಜ್ಜೆಯನ್ನು ಬರಿದು ಮಾಡಿ, ಹೊಂದಿಕೆಯಾಗುವ ಇನ್ನೊಬ್ಬರ ರಕ್ತದ ಬೀಜಕೋಶಗಳನ್ನು ನರದ ಮೂಲಕ, ರಕ್ತ ಏರಿಸಿದಂತೆಯೇ, ಏರಿಸುತ್ತಾರೆ. ಒಡಹುಟ್ಟಿದವರಲ್ಲಿ ಪೂರ್ಣ ಹೊಂದಿಕೆ ಸಿಗುವ ಸಾಧ್ಯತೆ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು. ಅರ್ಧ ಹೊಂದುವ ತಂದೆ ತಾಯಿಯಿಂದಲೂ ಈಗ ಪಡೆಯಲಾಗುತ್ತದೆ. ಕೊಟ್ಟವರ ಮಜ್ಜೆ ಕೆಲವು ವಾರಗಳಲ್ಲೇ ಮತ್ತೆ ತುಂಬಿಕೊಳ್ಳುತ್ತದೆ. ಸಂಬಂಧಿಕರಲ್ಲದವರೂ ದಾನಿಗಳಾಗಬಹುದು, ಚೆನ್ನೈನ ದಾತ್ರಿ, ಬೆಂಗಳೂರಿನ ಡಿ.ಕೆ.ಎಂ.ಎಸ್. ಸಂಸ್ಥೆಗಳು 18 ವರ್ಷ ತುಂಬಿದ ಆರೋಗ್ಯವಂತರ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಮಾದರಿ ತೆಗೆದು ಹೆಸರು ಬರೆದುಕೊಳ್ಳುತ್ತವೆ. ನಮ್ಮ ಯುವಜನರು ಇದನ್ನು ಗಮನಿಸಬೇಕು.

ಕಾಂಡಕೋಶ ಎಂದೊಡನೆ, ಧರ್ಮಸಭೆ ಇದನ್ನು ನಿಷೇಧಿಸಿದೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಧರ್ಮಸಭೆ ವಿರೋಧಿಸುವುದು ಮಾನವ ಭ್ರೂಣವನ್ನು ನಾಶಮಾಡಿ ಪಡೆಯುವ ಕಾಂಡಕೋಶಗಳನ್ನು. ವಯಸ್ಕರ ದೇಹದಿಂದಾಗಲಿ ಹೆರಿಗೆಯ ಸಮಯದ ಹೊಕ್ಕುಳಬಳ್ಳಿಯ ರಕ್ತದಿಂದಾಗಲಿ ಪಡೆಯುವುದು ಸಮ್ಮತವೆಂದು ವಿಶ್ವಾಸ ಬೋಧನೆಯ ಪೀಠ 2008ರಲ್ಲಿ ಹೊರಡಿಸಿದ ದಿಗ್ನಿತಾಸ್ ಪೆರ್ಸೋನೆ ಎಂಬ ಸೂಚನಾಪತ್ರ ಸ್ಪಷ್ಟಪಡಿಸಿದೆ. ಜಗದ್ಗುರು ಎರಡನೆಯ ಜಾನ್ ಪಾಲರು 1995ರ ತಮ್ಮ ಜೀವದ ಶುಭಸಂದೇಶ ಎಂಬ ವಿಶ್ವಪತ್ರದಲ್ಲಿ ಅಂಗದಾನವನ್ನು ದಿನನಿತ್ಯದ ಧೀರ ಕಾರ್ಯಗಳ ಸಾಲಿಗೆ ಸೇರಿಸಿದ್ದಾರೆ. ಒಬ್ಬರ ರಕ್ತ ಇನ್ನೊಬ್ಬರಿಗೆ ಜೀವವಾಗುವುದು ನಮ್ಮ ಪೀಠಕ್ಕೆ ಅಪರಿಚಿತವಾದ ಸಂಗತಿಯೇ?

ಮುಡಿಯ ಹರಕೆ

ಈಗ ಬದನಗುಪ್ಪೆಯ ಒಂದು ಮನೆಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡ. ತಂದೆ ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ದಿನಗೂಲಿ, ತಾಯಿ ಹೊಲದ ಕೆಲಸಕ್ಕೆ ಹೋಗುವವರು. ಅವರ ಮಗಳಿಗೆ ಈ ರೋಗವೇ ಬಂತು. ಚಿಕಿತ್ಸೆ ಬೆಂಗಳೂರಿನಲ್ಲಿ. ಮೊದಲ ತಿಂಗಳು ಮುಗಿದು ಮನೆಗೆ ಬಂದ ವಾರವೇ ಅಜ್ಜಿ ನನ್ನ ಬಳಿ ಬಂದು ಕಣ್ಣೀರಿಟ್ಟರು. ಮೊಮ್ಮಗಳ ಮುಡಿಯನ್ನು ವೇಳಾಂಕಣಿ ಮಾತೆಗೆ ಕೊಡುವ ಹರಕೆ ಹೊತ್ತಿದ್ದರಂತೆ. "ಕೂದ್ಲೆಲ್ಲ ಆಸ್ಪತ್ರಲೇ ಬಿದ್ದೋಯ್ತು ಸ್ವಾಮಿ. ಅಮ್ಮನ್ಗ ಏನ್ ಕೊಡದು?" ಎಂದರು.

ನಾನು ಹೇಳಿದೆ: "ಅಜ್ಜಿ, ಆ ಕೂದಲು ಬಿದ್ದಾಗಲೇ ಮಾತೆ ತೆಗೆದುಕೊಂಡರು. ಹರಕೆ ಸಂದಿದೆ. ಇನ್ನು ಉಳಿದಿರುವುದು ಮಾತ್ರೆಯ ಹರಕೆ. ಅದನ್ನು ನೀವು ಹೊರಬೇಕು." ಅಂದಿನಿಂದ ಆ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಜ್ಜಿಯೇ ಪ್ರತಿರಾತ್ರಿ ಮಾತ್ರೆ ಕೊಟ್ಟ ಮೇಲೆ ಪೆನ್ಸಿಲಿನಿಂದ ಒಂದು ಶಿಲುಬೆ ಗುರುತು ಹಾಕುತ್ತಾರೆ. ಅಕ್ಷರ ಬಾರದ ಆ ಕೈ ಒಂದು ದಿನವನ್ನೂ ಖಾಲಿ ಬಿಟ್ಟಿಲ್ಲ.

ಪ್ರಿಯರೇ, ಹರಕೆ, ನೊವೇನ, ದೋರನಹಳ್ಳಿಯ ಸಂತ ಅಂತೋಣಿಯವರಿಗೆ ಕಾಣಿಕೆ ಇವೆಲ್ಲ ಒಳ್ಳೆಯವೇ. ಔಷಧವನ್ನು ಬಿಡಿಸುವ ಹರಕೆ ಮಾತ್ರ ಒಳ್ಳೆಯದಲ್ಲ. ರೋಗಿಗಳ ಅಭ್ಯಂಗವನ್ನೂ ಕೊನೆಯುಸಿರಿನ ಗಳಿಗೆಗೆಂದು ಕಾಯ್ದಿರಿಸಬೇಡಿ. ಯಾಕೋಬನ ಪತ್ರದ ಐದನೆಯ ಅಧ್ಯಾಯ ಹೇಳುವಂತೆ ಅದು ರೋಗಿಯನ್ನು ಬಲಪಡಿಸುವ ಸಂಸ್ಕಾರ. ಕಠಿಣ ಚಿಕಿತ್ಸೆಗೆ ಮೊದಲೇ ಗುರುಗಳನ್ನು ಕರೆಯಿರಿ. ಕೃತಜ್ಞತಾ ಪೂಜೆಯನ್ನು ಪ್ರತಿ ಹಂತಕ್ಕೂ ಇಡಬಹುದು. ನಾನೀಗ ಆ ಪೂಜೆಯ ಕೊನೆಗೆ ಮುಂದಿನ ಆಸ್ಪತ್ರೆಯ ದಿನಾಂಕವನ್ನೂ ಓದಿ ಹೇಳುತ್ತೇನೆ.

ನಾಲ್ವರು ಹೊತ್ತ ಹಾಸಿಗೆ

ಚಿಕಿತ್ಸೆ ಬಿಟ್ಟವರೆಲ್ಲ ಅಜ್ಞಾನದಿಂದ ಬಿಟ್ಟವರಲ್ಲ. ಬಸ್ಸಿನ ಖರ್ಚು, ತಪ್ಪಿದ ಕೂಲಿ, ಮನೆಯಲ್ಲಿ ಬಿಟ್ಟುಬಂದ ಇನ್ನೊಂದು ಮಗು, ಅಡವಿಟ್ಟ ಓಲೆ ಇವು ಅವರನ್ನು ಸೋಲಿಸುತ್ತವೆ. ಜಗದ್ಗುರು ಹನ್ನೆರಡನೆಯ ಪಿಯುಸರು 1957ರ ನವೆಂಬರ್ 24ರಂದು ವೈದ್ಯರಿಗೆ ನೀಡಿದ ಉಪದೇಶದಲ್ಲಿ, ಜೀವ ಉಳಿಸಿಕೊಳ್ಳಲು ಸಾಧಾರಣ ಉಪಾಯಗಳನ್ನು ಬಳಸಲು ನಾವು ಬದ್ಧರು, ಮಿತಿಮೀರಿದ ಹೊರೆಯಾಗುವ ಅಸಾಧಾರಣ ಉಪಾಯಗಳಿಗೆ ಬದ್ಧರಲ್ಲ ಎಂದು ಬೋಧಿಸಿದರು. ಸೆಮಿನರಿಯಲ್ಲಿ ಇದನ್ನು ಓದಿ ಪರೀಕ್ಷೆ ಬರೆದಿದ್ದೆ. ಆಗ ಹೊಳೆಯದ ಒಂದು ಮಾತು ಈಗ ಹೊಳೆಯುತ್ತದೆ. ಹೆಚ್ಚಿನ ಮಕ್ಕಳನ್ನು ಉಳಿಸಬಲ್ಲ ಚಿಕಿತ್ಸೆಯೊಂದು ಸಾಧಾರಣವೇ ಸರಿ. ಅದೇ ಚಿಕಿತ್ಸೆ ಬಡವನ ಮನೆಗೆ ಬಂದಾಗ ಹೊರಲಾರದ ಹೊರೆಯಾಗುತ್ತದೆ. ಆ ತಂದೆಯನ್ನು ದೂಷಿಸುವ ಹಕ್ಕು ನಮಗಿಲ್ಲ. ಬಡತನವು ಸಾಧಾರಣವಾದದ್ದನ್ನು ಅಸಾಧಾರಣ ಮಾಡಿದರೆ, ಅದನ್ನು ಮತ್ತೆ ಸಾಧಾರಣ ಮಾಡುವ ಹೊಣೆ ಧರ್ಮಕೇಂದ್ರದ್ದು.

ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ಪೀಡಿತನನ್ನು ನಾಲ್ವರು ಹೊತ್ತು ತಂದರು. ಯೇಸು ನೋಡಿದ್ದು ಆ ಹೊತ್ತವರ ವಿಶ್ವಾಸವನ್ನು. ಬದನಗುಪ್ಪೆಯ ಮನೆಗೆ ನಮ್ಮವರು ಹೊತ್ತದ್ದು ಹೀಗೆ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಪ್ರಯಾಣದ ಖರ್ಚನ್ನು ತಿಂಗಳ ಲೆಕ್ಕಕ್ಕೆ ಬರೆದುಕೊಂಡರು. ಯುವಕರು ರಕ್ತ, ಪ್ಲೇಟ್‌ಲೆಟ್ ಕೊಡಲು ಸರದಿ ಮಾಡಿಕೊಂಡರು. ಪಕ್ಕದ ಮನೆಯ ಅನ್ಯಧರ್ಮೀಯ ತಾಯಿ ಚಿಕ್ಕ ಮಗನಿಗೆ ಊಟ ಹಾಕಿ ಶಾಲೆಗೆ ಕಳುಹಿಸಿದರು. ಓದಿದ ಒಬ್ಬ ಹುಡುಗಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾಗದಪತ್ರ ಮಾಡಿಸಿಕೊಟ್ಟಳು. 2018ರಲ್ಲಿ ಬಂದ ಈ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ರೈಲಿನಲ್ಲಿ ರಿಯಾಯಿತಿಯಿದೆಯೆಂದು ಪತ್ತೆಮಾಡಿದವಳೂ ಅವಳೇ. ಯಾರೂ ದೊಡ್ಡ ಕೆಲಸ ಮಾಡಲಿಲ್ಲ. ಯಾರೂ ಅರ್ಧಕ್ಕೆ ಬಿಡಲೂ ಇಲ್ಲ.

ಹೊರಲು ಹೋದವರು ಅರಿಯಬೇಕಾದ ಒಂದೆರಡು ಮಾತು. ಚಿಕಿತ್ಸೆಯಲ್ಲಿರುವ ಮಗುವಿಗೆ ರೋಗ ತಡೆಯುವ ಶಕ್ತಿ ಇಳಿದಿರುತ್ತದೆ. ಮೂವತ್ತು ಜನ ಒಂದೇ ಕೋಣೆಯಲ್ಲಿ ಕೂತು ಜಪಮಾಲೆ ಮಾಡಬೇಡಿ; ದೇವಾಲಯದಲ್ಲಿ ಮಾಡಿ. ನೆಗಡಿಯಿದ್ದವರು ನೋಡಲು ಹೋಗಬೇಡಿ. ಮಗುವಿನ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಲು ವಾಹನ ಗೊತ್ತುಮಾಡಿಡಿ. ಯಾರೋ ಹೇಳಿದ ಬೇರು ನಾರು ತಂದು ಕೊಡಬೇಡಿ.

ಬಿಟ್ಟುಕೊಡುವ ಗಳಿಗೆ

ಏಳು ಮುಳುಗೂ ಮುಗಿದ ಮೇಲೆಯೂ ಕೆಲವು ಮಕ್ಕಳು ಉಳಿಯುವುದಿಲ್ಲ ಎಂಬ ಸತ್ಯವನ್ನು ಮುಚ್ಚಿಡಲಾರೆ. ರೋಗ ಮತ್ತೆ ಮತ್ತೆ ಮರಳಿ, ಇನ್ನು ಚಿಕಿತ್ಸೆಯಿಂದ ನೋವಷ್ಟೇ ಹೆಚ್ಚು ಎಂದು ವೈದ್ಯರು ಹೇಳುವ ದಿನ ಬರಬಹುದು. ಆಗ ನಿಲ್ಲಿಸುವುದು ಪಾಪವಲ್ಲ, ದೇವರ ಮೇಲಿನ ಅಪನಂಬಿಕೆಯೂ ಅಲ್ಲ. ಮಗುವಿನ ನೋವನ್ನು ತಗ್ಗಿಸುವ ಔಷಧ ಕೊಡಿಸಿ. ಅದೂ ಪ್ರೀತಿಯ ಕೆಲಸವೇ. ಬೇರೊಂದು ಬಗೆಯ ತೀವ್ರ ಲ್ಯುಕೇಮಿಯಾದಿಂದ 2006ರ ಅಕ್ಟೋಬರ್ 12ರಂದು ಹದಿನೈದನೆಯ ವಯಸ್ಸಿನಲ್ಲಿ ತೀರಿಕೊಂಡ ಇಟಲಿಯ ಹುಡುಗ ಕಾರ್ಲೊ ಅಕುಟಿಸ್ ತನ್ನ ನೋವನ್ನು ಜಗದ್ಗುರುಗಳಿಗಾಗಿಯೂ ಧರ್ಮಸಭೆಗಾಗಿಯೂ ಅರ್ಪಿಸಿದ. ಅವನನ್ನು ಜಗದ್ಗುರು ಹದಿನಾಲ್ಕನೆಯ ಲಿಯೋ 2025ರ ಸೆಪ್ಟೆಂಬರ್ 7ರಂದು ಸಂತರ ಸಾಲಿಗೆ ಸೇರಿಸಿದರು. ದೇವರು ಅವನ ಕೈ ಬಿಟ್ಟರೆಂದು ನಾವು ಹೇಳುವುದಿಲ್ಲ. ಫಲವಿಲ್ಲವೆಂದು ತಿಳಿದು ನಿಲ್ಲಿಸುವುದು ಬೇರೆ, ಜೊತೆಗೆ ಯಾರೂ ಇಲ್ಲವೆಂದು ನಿಲ್ಲಿಸುವುದು ಬೇರೆ. ಎರಡನೆಯದು ನಡೆದರೆ ಅದರ ಲೆಕ್ಕವನ್ನು ನಾವು ಕೊಡಬೇಕಾಗುತ್ತದೆ.

ಬದನಗುಪ್ಪೆಯ ಹುಡುಗಿಗೆ ಇನ್ನೂ ಕೆಲವು ತಿಂಗಳ ಮಾತ್ರೆ ಬಾಕಿಯಿದೆ. ಆಮೇಲೂ ವರ್ಷಗಟ್ಟಲೆ ತಪಾಸಣೆಯಿದೆ. ಅವಳು ಗುಣವಾದಳೆಂದು ನಾನು ಇನ್ನೂ ಸಾರಿಲ್ಲ. ತಲೆಯಲ್ಲಿ ಹೊಸ ಕೂದಲು ಬಂದಿದೆ. ಕಳೆದ ತಿಂಗಳು ಪರಮಪ್ರಸಾದದ ಸಾಲಿನಲ್ಲಿ ಅಜ್ಜಿಯ ಮುಂದೆ ನಿಂತಿದ್ದಳು. ಅಜ್ಜಿಯ ಕೈ ಅವಳ ತಲೆಯ ಮೇಲಿತ್ತು.

ಪ್ರಾರ್ಥಿಸೋಣ: ಓ ಪ್ರಭುವೇ, ನಾಮಾನನನ್ನು ಏಳನೆಯ ಮುಳುಗಿನವರೆಗೆ ನದಿಯಲ್ಲಿ ನಿಲ್ಲಿಸಿದವರು ನೀವು. ಮನೆಯಲ್ಲಿ, ಆಸ್ಪತ್ರೆಯ ಜಗಲಿಯಲ್ಲಿ, ರಾತ್ರಿಯ ಬಸ್ಸಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವ ತಾಯಂದಿರಿಗೆ ಕೊನೆಯವರೆಗೂ ತಾಳ್ಮೆ ಕೊಡಿ. ಅವರ ಹಾಸಿಗೆಯ ಒಂದು ಮೂಲೆಯನ್ನು ಹಿಡಿಯಲು ನಮ್ಮ ಕೈಗಳಿಗೆ ಬಲ ಕೊಡಿ. ಅವಸರದಲ್ಲಿ ಹಾಡಿದ ನಮ್ಮ ಸ್ತುತಿಗಳನ್ನು ಕ್ಷಮಿಸಿ, ಕಾದು ಹಾಡುವುದನ್ನು ಕಲಿಸಿ. ಆಮೆನ್.